ಕಳೆಯಿಂದ ಕುರ್ಚಿ



ಮನೆಗೊಂದು ಕುರ್ಚಿ ಬೇಕೆಂದರೆ ನಾವು ಮೊದಲು ನೆನೆಯುವುದು ತೇಗ, ಹೊನ್ನೆ, ಬೀಟೆಗಳನ್ನು. ಇಂತಹ ಮರ ಬಲಿಯಲು ಹಲವು ದಶಕಗಳು ಬೇಕು. ಉರುಳಿಸಲು ಅರ್ಧ ದಿನ ಸಾಕು. ಆದ್ದರಿಂದ ಮರ ಕಡಿಯದೆ ಮಾಡಬಹುದಾದ ಪೀಠೋಪಕರಣದ ವಿಷಯವಾಗಿ ಎರಡು ಮಾತು ಹೇಳಬಯಸುತ್ತೇನೆ.

ಲಂಟಾನದ ಪೊದೆಯನ್ನು ನೀವೆಲ್ಲ ಬಲ್ಲಿರಿ. ಅಮೆರಿಕ ಖಂಡದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ನಮ್ಮ ದೇಶಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಈಗ ಅದು ಕಾಡನ್ನೂ ಗೋಮಾಳವನ್ನೂ ಆವರಿಸಿ ಹುಲ್ಲನ್ನು ಮೇಲೇಳಗೊಡುವುದಿಲ್ಲ. ಅದರ ಎಲೆ ದನಗಳಿಗೆ ವಿಷ. ತಿಂದರೆ ಕಾಮಾಲೆ ತಗಲುತ್ತದೆ.

ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಈ ಕಳೆಯಿಂದಲೇ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡಿದ್ದಾರೆ. ಬೆಂಗಳೂರಿನ ಏಟ್ರೀ ಸಂಸ್ಥೆ 2004ರ ಸುಮಾರಿನಲ್ಲಿ ಅವರಿಗೆ ಈ ಕೆಲಸದ ತರಬೇತಿ ಆರಂಭಿಸಿತು.

ಕೆಲಸದ ಕ್ರಮ ಸುಲಭವಾದುದು. ನೆಟ್ಟಗಿನ ಕೋಲುಗಳನ್ನು ಆರಿಸಿ ನೀರಿನಲ್ಲಿ ಕುದಿಸಬೇಕು. ಆಗ ಸಿಪ್ಪೆ ಸಲೀಸಾಗಿ ಸುಲಿದು ಬರುತ್ತದೆ. ಬಿಸಿ ಆರುವ ಮುನ್ನ ಕೋಲು ಬೇಕಾದಂತೆ ಬಾಗುತ್ತದೆ. ದಪ್ಪ ಕೋಲು ಕಾಲಿಗೂ ಚೌಕಟ್ಟಿಗೂ, ತೆಳುವಾದುದು ಬೆನ್ನಿಗೂ ಹೆಣಿಗೆಗೂ ಸರಿ. ಮೊಳೆ ಹೊಡೆಯುವ ಮುನ್ನ ಸಣ್ಣ ತೂತು ಕೊರೆದರೆ ಕೋಲು ಸೀಳದು. ಕಾಲುಗಳ ನಡುವೆ ಓರೆಯಾಗಿ ಒಂದು ಕೋಲು ಕಟ್ಟಿದರೆ ಕುರ್ಚಿ ಅಲುಗದು. ಆಸನ ನೆಲದಿಂದ 40ರಿಂದ 45 ಸೆಂಟಿಮೀಟರ್ ಎತ್ತರವಿರಲಿ. ಒಂದು ಕೋಲು ಮುರಿದರೆ ಅದನ್ನಷ್ಟೇ ಬದಲಿಸಿದರಾಯಿತು. ಗೆದ್ದಲಿನ ಕಾಟವೂ ಇದಕ್ಕೆ ಕಡಿಮೆ.

ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಮೊದಲನೆಯದು, ಕುರ್ಚಿಗೆ ಬೆಲೆ ಬರುತ್ತದೆಂದು ಲಂಟಾನವನ್ನು ಬೆಳೆಸಬೇಡಿ. ಎರಡನೆಯದು, ಬುಡ ಬಿಟ್ಟು ಕಡಿದರೆ ಅದು ಮತ್ತೆ ಚಿಗುರುತ್ತದೆ. ಹಣ್ಣಾಗುವ ಮುನ್ನವೇ ಬೇರುಸಹಿತ ಕೀಳಿರಿ, ತೆರವಾದ ಜಾಗದಲ್ಲಿ ಊರಿನ ಹುಲ್ಲನ್ನೇ ಬೆಳೆಸಿರಿ. ಮೂರನೆಯದು, ಅರಣ್ಯದೊಳಗಿನ ಗಿಡ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಗರಗಸ, ಸುತ್ತಿಗೆ, ಮಚ್ಚು ಊರಿನ ಬಡಗಿಯ ಬಳಿ ಹೇಗೂ ಇವೆ. ಹೊಲದಲ್ಲಿ ಕೆಲಸವಿಲ್ಲದ ತಿಂಗಳಲ್ಲಿ ನಾಲ್ಕಾರು ಮಂದಿ ಸೇರಿ ಮೊದಲು ಸ್ವಂತ ಮನೆಗೊಂದು ಸ್ಟೂಲು ಮಾಡಿ ನೋಡಿ. ಒಂದು ಮಳೆಗಾಲ ಅದನ್ನು ಬಳಸಿರಿ. ಗಟ್ಟಿಯಾಗಿ ನಿಂತರೆ ಇನ್ನಷ್ಟು ಮಾಡಿ ಸಂತೆಗೆ ಒಯ್ಯಿರಿ. ಗೋಮಾಳವೂ ತೆರವಾದೀತು, ಕೈಗೆ ನಾಲ್ಕು ಕಾಸೂ ಬಂದೀತು.