ಜೋತುಬಿದ್ದ ರೆಪ್ಪೆಗೂ ಚಿಕಿತ್ಸೆಯುಂಟು



ಯಾರನ್ನಾದರೂ ಬಹಳ ಜೋಪಾನವಾಗಿ ನೋಡಿಕೊಂಡರೆ 'ಕಣ್ಣಿಗೆ ರೆಪ್ಪೆಯ ಹಾಗೆ ಕಾಪಾಡಿದರು' ಎನ್ನುತ್ತೇವೆ. ಹಾಗೆ ಕಾಪಾಡುವ ರೆಪ್ಪೆಗೇ ಪೆಟ್ಟು ಬಿದ್ದರೆ? ಹುಟ್ಟಿನಿಂದಲೇ ಅದು ಮೇಲೇಳದಿದ್ದರೆ? ಅಂಥ ರೆಪ್ಪೆಯನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯ ವಿಚಾರವನ್ನು ಇಂದು ತಿಳಿದುಕೊಳ್ಳೋಣ.

ಮೊದಲು ರೆಪ್ಪೆಯ ರಚನೆ. ನಮ್ಮ ದೇಹದ ಅತ್ಯಂತ ತೆಳುವಾದ ಚರ್ಮ ಇರುವುದು ಇಲ್ಲಿ. ಅದರ ದಪ್ಪ 1 ಮಿಲಿಮೀಟರಿಗೂ ಕಡಿಮೆ. ಅದರ ಕೆಳಗೆ ಕಣ್ಣು ಮುಚ್ಚುವ ಉಂಗುರದಂಥ ಸ್ನಾಯು, ಅದರ ಹಿಂದೆ ರೆಪ್ಪೆಗೆ ಆಕಾರ ಕೊಡುವ 'ಟಾರ್ಸಸ್' ಎಂಬ ಗಟ್ಟಿ ಪಟ್ಟಿ, ಒಳಗಡೆ ಕಣ್ಣುಗುಡ್ಡೆಗೆ ತಾಗುವ ನುಣುಪಾದ ಪೊರೆ. ಮೇಲ್ರೆಪ್ಪೆಯನ್ನು ಎತ್ತಲು 'ಲಿವೇಟರ್' ಎಂಬ ಬೇರೆಯೇ ಸ್ನಾಯುವಿದೆ. ನಾವು ಕಣ್ಣು ಮಿಟುಕಿಸಿದಾಗಲೆಲ್ಲ ಕಣ್ಣೀರು ಕಾರ್ನಿಯದ ಮೇಲೆ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರದ ಮೇಲೆ ಹರಡಿ ಅದನ್ನು ಒದ್ದೆಯಾಗಿಡುತ್ತದೆ. ಒಣಗಿದರೆ ಆ ಪದರ ಹುಣ್ಣಾಗಿ ಮಸುಕಾಗುತ್ತದೆ. ಅಂದಮೇಲೆ ರೆಪ್ಪೆಯ ದುರಸ್ತಿ ಬರಿಯ ಅಂದದ ಮಾತಲ್ಲ, ದೃಷ್ಟಿಯ ಮಾತು.

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂಥ ಬಯಲುಸೀಮೆಯ ಊರನ್ನು ಎಣಿಸಿಕೊಳ್ಳಿ. ಕುರಿ ಮೇಯಿಸುವಾಗ ಜಾಲಿಮುಳ್ಳು ಗೀರಬಹುದು, ಕೊಟ್ಟಿಗೆಯಲ್ಲಿ ದನ ತಲೆ ಕೊಡವಿದಾಗ ಕೊಂಬು ತಾಗಬಹುದು. ರೆಪ್ಪೆಯ ಅಂಚು ಸೀಳಿದರೆ ಅದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂಡಿಸಬೇಕು. ಪದರಕ್ಕೆ ಪದರ ಸೇರಿಸಿ ಹೊಲಿಯದಿದ್ದರೆ ಅಂಚಿನಲ್ಲಿ ಕಚ್ಚು ಉಳಿದು, ಮಿಟುಕಿಸಿದಾಗಲೆಲ್ಲ ಕಾರ್ನಿಯವನ್ನು ಉಜ್ಜುತ್ತದೆ. ಸೀಳು ಮೂಗಿನ ಪಕ್ಕದಲ್ಲಿದ್ದರೆ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ನಾಳವೂ ತುಂಡಾಗಿರಬಹುದು. ಆಗ ವೈದ್ಯರು ಅದರೊಳಗೆ ಸಿಲಿಕೋನ್ ಕೊಳವೆ ಇಟ್ಟು ಕೂಡಿಸುತ್ತಾರೆ. ಇದನ್ನು ಒಂದೆರಡು ದಿನದೊಳಗೆ ಮಾಡಿದರೆ ಒಳ್ಳೆಯದು. ಗಾಯಕ್ಕೆ ಅರಿಶಿನ, ಸೊಪ್ಪಿನ ರಸ ಹಾಕಬೇಡಿ, ಕಣ್ಣನ್ನು ಒತ್ತಬೇಡಿ. ಜೋತಾಡುವ ಚರ್ಮದ ತುಣುಕನ್ನು ಕತ್ತರಿಸಿ ಎಸೆಯಲೇಬೇಡಿ. ರೆಪ್ಪೆಗೆ ರಕ್ತಸಂಚಾರ ಹೇರಳವಾಗಿರುವುದರಿಂದ ಸತ್ತಂತೆ ಕಾಣುವ ತುಣುಕೂ ಮತ್ತೆ ಅಂಟಿಕೊಳ್ಳಬಲ್ಲದು.

ರೆಪ್ಪೆಯ ದೊಡ್ಡ ಭಾಗವೇ ಹೋಗಿದ್ದರೆ? ಅಕ್ಕಪಕ್ಕದಿಂದ ಚರ್ಮ ತಂದು ಕಟ್ಟಬೇಕು. ಈ ವಿದ್ಯೆಯ ಇತಿಹಾಸದಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕ ಕವಾಸಜಿ ಎಂಬ ಇಂಗ್ಲಿಷ್ ಪಡೆಯ ಗಾಡಿ ಹೊಡೆಯುವವನು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ದೇಶೀ ಕುಶಲಿ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿದ. ಆ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಮೂಗಿಗೆ ಒದಗಿದ ಈ ಉಪಾಯ ರೆಪ್ಪೆಗೂ ಬಂತು. 1818ರಲ್ಲಿ ಜರ್ಮನಿಯ ಫಾನ್ ಗ್ರೇಫೆ ರೆಪ್ಪೆ ಕಟ್ಟುವ ಕೆಲಸಕ್ಕೆ 'ಬ್ಲೆಫರೋಪ್ಲಾಸ್ಟಿ' ಎಂದು ಹೆಸರಿಟ್ಟ. 1937ರಲ್ಲಿ ಅಮೆರಿಕದ ಹ್ಯೂಸ್ ಮೇಲ್ರೆಪ್ಪೆಯ ಒಳಪದರವನ್ನೇ ಎರವಲು ಪಡೆದು ಕೆಳರೆಪ್ಪೆ ಕಟ್ಟುವ ಕ್ರಮವನ್ನು ಪ್ರಕಟಿಸಿದ.

ಈಗ ಜೋಲುರೆಪ್ಪೆಯ ವಿಚಾರ. ವೈದ್ಯರು ಇದನ್ನು 'ಟೋಸಿಸ್' ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಲಿವೇಟರ್ ಸ್ನಾಯು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ಅಂಥ ಮಗು ಗದ್ದ ಮೇಲೆತ್ತಿ, ಹುಬ್ಬು ಏರಿಸಿ ನೋಡುತ್ತದೆ. ತರಗತಿಯಲ್ಲಿ ಅದನ್ನು 'ನಿದ್ದೆಗಣ್ಣ' ಎಂದು ಗೇಲಿ ಮಾಡುವುದುಂಟು. ಮನೆಯವರು 'ದೊಡ್ಡವನಾದ ಮೇಲೆ ನೋಡೋಣ', 'ಮದುವೆಯ ಹೊತ್ತಿಗೆ ಮಾಡಿಸಿದರಾಯಿತು' ಎಂದು ಸುಮ್ಮನಾಗುತ್ತಾರೆ. ಅಪಾಯವಿರುವುದು ಇಲ್ಲೇ. ನೋಡುವುದನ್ನು ಮಿದುಳು ಕಲಿಯುವುದು ಬದುಕಿನ ಮೊದಲ ಏಳೆಂಟು ವರ್ಷಗಳಲ್ಲಿ. ಆ ಕಾಲದಲ್ಲಿ ರೆಪ್ಪೆ ಪಾಪೆಯನ್ನು ಮರೆಮಾಡಿದ್ದರೆ ಮಿದುಳು ಆ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ. ಇದೇ 'ಸೋಮಾರಿ ಕಣ್ಣು'. ಮುಂದೆ ರೆಪ್ಪೆಯನ್ನು ಎತ್ತಬಹುದು. ಕಳೆದ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಪಾಪೆ ಮುಚ್ಚಿದ್ದರೆ ಹಸುಗೂಸಿಗೂ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮುಚ್ಚಿರದಿದ್ದರೆ ಕಣ್ಣನ್ನು ಆಗಾಗ ಪರೀಕ್ಷಿಸುತ್ತ ಮೂರರಿಂದ ಐದು ವರ್ಷದವರೆಗೆ ಕಾಯಬಹುದು.

ಯಾವ ಶಸ್ತ್ರಚಿಕಿತ್ಸೆ ಎಂಬುದನ್ನು ಒಂದು ಸಾಮಾನ್ಯ ಅಳತೆಪಟ್ಟಿ ತೀರ್ಮಾನಿಸುತ್ತದೆ. ವೈದ್ಯರು ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಳಗೆ ನೋಡಿ, ಮೇಲೆ ನೋಡಿ ಎನ್ನುತ್ತಾರೆ. ಆರೋಗ್ಯವಂತ ರೆಪ್ಪೆ ಸುಮಾರು 15 ಮಿಲಿಮೀಟರ್ ಚಲಿಸುತ್ತದೆ. ಸ್ನಾಯುವಿನಲ್ಲಿ ಸಾಕಷ್ಟು ಬಲವಿದ್ದರೆ ಅದನ್ನು ಮೊಟಕುಮಾಡಿ ಬಿಗಿಯಾಗಿ ಹೊಲಿಯುತ್ತಾರೆ. ಚಲನೆ 4 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಿದ್ದರೆ ಬೇರೆ ಯುಕ್ತಿ. ತೊಡೆಯಿಂದ ತೆಗೆದ ಗಟ್ಟಿ ಪೊರೆಯ ಪಟ್ಟಿಯಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಬಿಂದಿಗೆಗೆ ಕಟ್ಟಿದ ಹಗ್ಗವನ್ನು ಮೇಲಿನಿಂದ ಎಳೆದಂತೆ, ಹುಬ್ಬು ಏರಿಸಿದರೆ ರೆಪ್ಪೆಯೂ ಏಳುತ್ತದೆ. ಇದಾದ ಮೇಲೆ ನಿದ್ದೆಯಲ್ಲಿ ಕಣ್ಣು ಕೊಂಚ ತೆರೆದೇ ಇರಬಹುದು. ಅದಕ್ಕೆಂದು ಕೊಡುವ ಹನಿ, ಮುಲಾಮುಗಳನ್ನು ತಪ್ಪಿಸಬಾರದು.

ಒಂದು ಎಚ್ಚರಿಕೆ. ಜೋಲುವ ರೆಪ್ಪೆಗಳಿಗೆಲ್ಲ ಶಸ್ತ್ರಚಿಕಿತ್ಸೆಯೇ ಮದ್ದಲ್ಲ. ಬೆಳಗ್ಗೆ ಸರಿಯಿದ್ದು ಸಂಜೆಗೆ ಜೋಲಿದರೆ ಅದು ನರ ಮತ್ತು ಸ್ನಾಯುವಿನ ಸಂಪರ್ಕದ ಕಾಯಿಲೆಯಿರಬಹುದು. ಹೊಲದಲ್ಲಿ ದುಡಿದವರಿಗೆ, ಇಲ್ಲವೇ ರಾತ್ರಿ ನೆಲದ ಮೇಲೆ ಮಲಗಿದವರಿಗೆ ಎರಡೂ ರೆಪ್ಪೆ ಇದ್ದಕ್ಕಿದ್ದಂತೆ ಭಾರವಾದರೆ ನಾಗರಹಾವು ಅಥವಾ ಕಟ್ಟುಹಾವಿನ ಕಡಿತವನ್ನು ಶಂಕಿಸಿ. ಕಟ್ಟುಹಾವು ಕಚ್ಚಿದ ಗುರುತು ಕಣ್ಣಿಗೆ ಕಾಣದೆಯೂ ಇರಬಹುದು. ಮಂತ್ರ, ನಾಟಿಮದ್ದು ಎಂದು ಹೊತ್ತು ಕಳೆಯದೆ ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಿ. ರೆಪ್ಪೆಯ ನಂತರ ಉಸಿರಾಟದ ಸ್ನಾಯುಗಳ ಸರದಿ.

ಮೊದಲ ಹೆಜ್ಜೆ ಹತ್ತಿರದ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ, ಬೇಕಾದರೆ 1896ರಿಂದ ನಡೆದುಬಂದಿರುವ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಕಳುಹಿಸುತ್ತಾರೆ. ನಿಮ್ಮ ಶಾಲೆಯಲ್ಲಿ, ನಿಮ್ಮ ಕೇರಿಯಲ್ಲಿ ಗದ್ದ ಎತ್ತಿ ನೋಡುವ ಪುಟ್ಟ ಮಗುವೊಂದು ಇರಬಹುದು. ಅದನ್ನು ಗೇಲಿ ಮಾಡಬೇಡಿ. ಮೇಷ್ಟರಿಗೆ ತಿಳಿಸಿ, ಅದರ ತಾಯಿಗೆ ಹೇಳಿ. ಏಳೆಂಟು ವರ್ಷದೊಳಗೆ ಹೇಳಿದ ಆ ಒಂದು ಮಾತಿನಿಂದ ಒಂದು ಕಣ್ಣು ಉಳಿಯಬಹುದು.