ದೊಡ್ಡವರನ್ನು ಸಾಕ್ಷಿಗೆ ಕರೆಯಬಹುದೇ?

(ಬೆಂಗಳೂರಿನ ಗಾಂಧಿನಗರದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಇಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕೆಂಪೇಗೌಡ ರಸ್ತೆಯಲ್ಲಿ ಸಿಟಿ ಸಿವಿಲ್ ಕೋರ್ಟು. ಅದೇ ರಸ್ತೆಯಲ್ಲಿ ಕಂದಾಯ ಭವನ, ಜಿಲ್ಲಾಧಿಕಾರಿಗಳ ಕಚೇರಿ. ಈ ಕಚೇರಿಯವರನ್ನು ಆ ಕೋರ್ಟಿಗೆ ಕರೆಸಬಹುದೇ ಎಂದು ನಮ್ಮ ಹೆಂಗಸರು ಮತ್ತೆ ಮತ್ತೆ ಕೇಳುತ್ತಾರೆ. “ನಮ್ಮ ಹುಡುಗ ದೊಡ್ಡ ಆಫೀಸರು, ಅವನನ್ನು ಕಟಕಟೆಗೆ ಹತ್ತಿಸುವ ಕಾನೂನೇ ಇಲ್ಲ” ಎಂದು ಗಂಡನ ಮನೆಯವರು ಹೆದರಿಸುತ್ತಾರೆ. ಈ ಒಂದು ಮಾತಿಗೆ ಅಂಜಿ ಜೀವನಾಂಶದ ಅರ್ಜಿಯನ್ನೇ ವಾಪಸು ತೆಗೆದುಕೊಂಡವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಇವತ್ತು ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ನೋಡೋಣ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 132 ಮತ್ತು 133 ಎಂಬ ಎರಡು ಕಲಮುಗಳು ಅಕ್ಕಪಕ್ಕ ಕೂತಿವೆ. ಸಂಪ್ರದಾಯದಂತೆ ಹೊರಗೆ ಕಾಣಿಸಿಕೊಳ್ಳದ ಹೆಂಗಸರು ಕೋರ್ಟಿಗೆ ಖುದ್ದಾಗಿ ಬರಬೇಕಿಲ್ಲ ಎನ್ನುತ್ತದೆ 132. ದೊಡ್ಡ ಸ್ಥಾನದವರು ಬರಬೇಕಿಲ್ಲ ಎನ್ನುತ್ತದೆ 133. ಗೋಷಾದ ಹೆಂಗಸಿಗೂ ಗದ್ದುಗೆಯ ಮೇಲಿನವರಿಗೂ ಒಂದೇ ರಿಯಾಯಿತಿ! ಇವಳಿಗೆ ಮರ್ಯಾದೆಯ ಹೆಸರಿನಲ್ಲಿ, ಅವರಿಗೆ ಪದವಿಯ ಹೆಸರಿನಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ಆದರೆ 133ರ ಪಟ್ಟಿ ತೀರ ಚಿಕ್ಕದು. ರಾಷ್ಟ್ರಪತಿ, ಉಪರಾಷ್ಟ್ರಪತಿ, ಲೋಕಸಭೆಯ ಸ್ಪೀಕರ್, ಕೇಂದ್ರದ ಮಂತ್ರಿಗಳು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ರಾಜ್ಯದಲ್ಲಿ ರಾಜ್ಯಪಾಲರು, ವಿಧಾನಸಭೆಯ ಸ್ಪೀಕರ್, ಪರಿಷತ್ತಿನ ಸಭಾಪತಿ, ಮಂತ್ರಿಗಳು, ಹೈಕೋರ್ಟಿನ ನ್ಯಾಯಾಧೀಶರು. ಜೊತೆಗೆ ಹಳೆಯ ಸಂಸ್ಥಾನಗಳ ಅರಸರು. (ರಾಜಧನ 1971ರಲ್ಲೇ ಹೋಯಿತು, ಈ ಸಾಲಿನಲ್ಲಿ ಅರಸರು ಉಳಿದುಕೊಂಡಿದ್ದಾರೆ.) ಜಿಲ್ಲಾಧಿಕಾರಿ ಇದರಲ್ಲಿಲ್ಲ. ಪೊಲೀಸ್ ಕಮಿಷನರ್ ಇಲ್ಲ. ಇಂಜಿನಿಯರ್, ಬ್ಯಾಂಕ್ ಮ್ಯಾನೇಜರ್ ಅಂತೂ ಇಲ್ಲವೇ ಇಲ್ಲ. ಸರ್ಕಾರಿ ನೌಕರ ಬಂದರೆ ಸಾರ್ವಜನಿಕ ಕೆಲಸ ಕೆಡುತ್ತದೆ ಎಂದು ಕೋರ್ಟಿಗೆ ಅನ್ನಿಸಿದರೆ ಕಮಿಷನ್ ನೇಮಿಸಬಹುದು. ಅದನ್ನು ತೀರ್ಮಾನಿಸುವುದು ಕೋರ್ಟು, ನೌಕರನಲ್ಲ.

ಇನ್ನೊಂದು ಮಾತು. ರಿಯಾಯಿತಿ ಎಂದರೆ ಬಾಯಿ ಮುಚ್ಚಿಕೊಂಡು ಕೂರುವ ಹಕ್ಕಲ್ಲ. ಕೋರ್ಟು ನೇಮಿಸಿದ ಕಮಿಷನರು ಅವರಿದ್ದಲ್ಲಿಗೇ ಹೋಗಿ ಹೇಳಿಕೆ ಬರೆದುಕೊಳ್ಳುತ್ತಾರೆ. ನಮ್ಮ ವಕೀಲರು ಪಾಟೀಸವಾಲು ಮಾಡಬಹುದು. 133ರ ರಿಯಾಯಿತಿ ಬೇಡುವವರೇ ಆ ಕಮಿಷನ್ನಿನ ಖರ್ಚನ್ನೂ ಕೊಡಬೇಕು, ಸಾಕ್ಷ್ಯ ಕೇಳಿದ ಕಕ್ಷಿ ತಾನೇ ಕೊಡದಿದ್ದರೆ. ಇದನ್ನು ಯಾರೂ ನಿಮಗೆ ಹೇಳುವುದಿಲ್ಲ.

ರಿಯಾಯಿತಿ ಇದ್ದೂ ಬಂದವರಿದ್ದಾರೆ. ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ರಾಷ್ಟ್ರಪತಿಯಾಗಿದ್ದಾಗಲೇ, 1970ರಲ್ಲಿ, ತಮ್ಮ ಚುನಾವಣೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದರು. 1975ರ ಮಾರ್ಚಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಅಲಹಾಬಾದ್ ಹೈಕೋರ್ಟಿನಲ್ಲಿ ಪಾಟೀಸವಾಲಿಗೆ ಉತ್ತರ ಕೊಟ್ಟರು. ಅಮೆರಿಕದಲ್ಲಿ 1941ರ ಮಾರ್ಗನ್ ಪ್ರಕರಣದಿಂದ ಈಚೆಗೆ ಮೇಲಧಿಕಾರಿಯನ್ನು, ಆತ ಹೇಗೆ ಯೋಚಿಸಿ ತೀರ್ಮಾನ ಮಾಡಿದ ಎಂದು, ಕೆದಕಲು ಬಿಡುವುದಿಲ್ಲ. ಅದೇ ದೇಶದಲ್ಲಿ ಅರ್ಕಾನ್ಸಾಸ್ ರಾಜ್ಯದ ನೌಕರಳಾಗಿದ್ದ ಪೌಲಾ ಜೋನ್ಸ್ ಲೈಂಗಿಕ ಕಿರುಕುಳದ ಸಿವಿಲ್ ದಾವೆ ಹೂಡಿದಾಗ, ಅಧ್ಯಕ್ಷರ ಅವಧಿ ಮುಗಿಯುವವರೆಗೆ ಆಕೆ ಕಾಯಬೇಕಿಲ್ಲ ಎಂದು 1997ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. 1998ರ ಜನವರಿಯಲ್ಲಿ ಕ್ಲಿಂಟನ್ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಯಿತು. ಕಚೇರಿಯ ತೀರ್ಮಾನ ಬೇರೆ, ಸ್ವಂತ ನಡತೆ ಬೇರೆ. ಈ ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ನಮ್ಮಲ್ಲಿ 2024ರ ಜನವರಿ 3ರಂದು ಸುಪ್ರೀಂ ಕೋರ್ಟು, ಸರ್ಕಾರದ ಮೊಕದ್ದಮೆಗಳಲ್ಲಿ ಅಧಿಕಾರಿಗಳನ್ನು ಮಾತುಮಾತಿಗೆ ಕರೆಸಿ ನಿಲ್ಲಿಸಬಾರದು, ಬೇಕಾದರೆ ಮೊದಲು ವಿಡಿಯೋ ಮೂಲಕ ಕೇಳಬೇಕು ಎಂದಿತು. ಅದನ್ನೇ ತೋರಿಸಿ ನಿಮ್ಮನ್ನು ಹೆದರಿಸುವವರು ಬರುತ್ತಾರೆ. ಸಾಕ್ಷಿ ಹೇಳಿಕೆ ಬೇಕಾದ ಪ್ರಕರಣಗಳಲ್ಲಿ ಅಧಿಕಾರಿ ಖುದ್ದಾಗಿ ಬರಬೇಕಾಗಬಹುದು, ಅಲ್ಲಿ ಸಂಹಿತೆಯ ನಿಯಮವೇ ನಡೆಯುತ್ತದೆ ಎಂದೂ ಅದೇ ತೀರ್ಪಿನಲ್ಲಿದೆ.

ಗಂಡನೇ ಅಧಿಕಾರಿಯಾಗಿದ್ದರೆ? ಮನೆಯೊಳಗೆ ಹೊಡೆದದ್ದು, ಒಡವೆ ಕಿತ್ತುಕೊಂಡದ್ದು ಸರ್ಕಾರಿ ಕೆಲಸವಲ್ಲ. ಕೌಟುಂಬಿಕ ನ್ಯಾಯಾಲಯದಲ್ಲಿ ಆತ ಬರೀ ಕಕ್ಷಿಗಾರ. ಸಾಕ್ಷಿ ಹೇಳಲು ಬಾರದೆ ತಪ್ಪಿಸಿಕೊಂಡರೆ, ಅವನ ಮಾತು ನಿಜವಲ್ಲವೆಂದು ಕೋರ್ಟು ಊಹಿಸಬಹುದು. 1999ರಲ್ಲಿ ವಿದ್ಯಾಧರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ.

ಅವನ ಇಲಾಖೆಯ ಮುಖ್ಯಸ್ಥರನ್ನು ಕರೆಸಲು ಮಾತ್ರ ಹಟ ಹಿಡಿಯಬೇಡಿ. ಅವರಿಗೆ ನಿಮ್ಮ ಮನೆಯ ಸುದ್ದಿ ಏನು ಗೊತ್ತು? ನಮಗೆ ಬೇಕಾದದ್ದು ಸಂಬಳದ ಲೆಕ್ಕ. 2020ರ ರಜನೇಶ್ ಪ್ರಕರಣದ ತೀರ್ಪಿನಂತೆ ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು. ಅದರಲ್ಲಿ ಮುಚ್ಚಿಟ್ಟಿದ್ದಾನೆ ಎನ್ನಿಸಿದರೆ, ದಾಖಲೆ ಮಾತ್ರ ತರಿಸುವ ಸಮನ್ಸ್ ಕೇಳಿ. ಸಂಹಿತೆಯ 16ನೇ ಆದೇಶದ 6ನೇ ನಿಯಮ ಇದಕ್ಕೇ ಇದೆ. ಸಾಹೇಬರು ಬರಬೇಕಿಲ್ಲ, ದಾಖಲೆಯನ್ನು ಗುಮಾಸ್ತರ ಕೈಲಿ ಕಳಿಸಿದರೂ ಆಯಿತು. ಗಂಡನ ಸಂಬಳದ ಚೀಟಿ ರಾಜ್ಯರಹಸ್ಯವಲ್ಲ.

ದಾವೆಯಲ್ಲಿ ವಿವಾದಾಂಶಗಳು ನಿಗದಿಯಾದ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು. ಸಮನ್ಸ್ ಕೇಳುವಾಗ ಯಾರನ್ನು ಯಾತಕ್ಕಾಗಿ ಕರೆಸುತ್ತೀರಿ ಎಂಬುದನ್ನೂ ಬರೆಯಬೇಕು. ವಕೀಲರ ಹತ್ತಿರ ಹೋಗುವ ಮೊದಲು ಗುಂಪಿನಲ್ಲಿ ಕೂತು ಒಂದು ಹಾಳೆಯ ಮೇಲೆ ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ, ಆ ವ್ಯಕ್ತಿ ಕಣ್ಣಾರೆ ಕಂಡದ್ದೇನು, ಅವರ ಕೈಯಲ್ಲಿರುವ ಕಾಗದ ಯಾವುದು ಎಂದು ಬರೆಯಿರಿ.