ಬೇಳೆ ಬೇಯದ ನೀರು ಮತ್ತು ಬಿಯರು



ನೀರಿನ ಗುಣದ ಬಗ್ಗೆ ಬ್ಯಾಡರಹಳ್ಳಿಯವರಿಗೆ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಕೊಳವೆ ಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಮಾಗಡಿ ರಸ್ತೆಯ ಆಸುಪಾಸಿನ ಗೃಹಿಣಿಯರಿಗೆ ಇದು ದಿನನಿತ್ಯದ ಅನುಭವ. ಬೇಳೆಗೆ, ಕಾಫಿಗೆ ಎಂದೇ ಒಂದು ಬಿಂದಿಗೆ ಸಿಹಿನೀರನ್ನು ಬೇರೆ ಇಡುವ ಮನೆಗಳುಂಟು. ಯುರೋಪಿನ ಬಿಯರಿನ ಚರಿತ್ರೆ ಬೆಳೆದದ್ದೂ ಇಂಥದೇ ಅನುಭವದಿಂದ.

ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ. ಉಳಿದದ್ದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಾರ, ಹಾಪ್ಸ್ ಹೂವಿನ ಕಹಿ ಮತ್ತು ಯೀಸ್ಟಿನ ಕೆಲಸ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳಲ್ಲಿ ಜಿಪ್ಸಂ ಕರಗಿದ ನೀರಿತ್ತು. ಅಲ್ಲಿಯ ತಿಳಿಬಣ್ಣದ, ಕಹಿ ಬಿಯರಿಗೆ ಹೆಸರು ಬಂತು. ಬೊಹೀಮಿಯಾದ ಪಿಲ್ಸೆನ್ ಊರಿನ ನೀರು ಲವಣವೇ ಇಲ್ಲವೆನ್ನುವಷ್ಟು ಮೆದು. ಅದರಿಂದ 1842ರಲ್ಲಿ ಯೋಸೆಫ್ ಗ್ರೋಲ್ ಎಂಬಾತ ಹೊಂಬಣ್ಣದ ಲಾಗರ್ ತಯಾರಿಸಿದ. ಡಬ್ಲಿನ್ನಿನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ಅದಕ್ಕೆ ಹುರಿದು ಕಪ್ಪಾದ ಬಾರ್ಲಿಯ ಬಿಯರು ಒಗ್ಗಿತು.

ಇದರ ಗುಟ್ಟು ಇಷ್ಟೇ. ಮಾಲ್ಟಿನ ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಮಿಶ್ರಣ ತುಸು ಹುಳಿಯಾಗಿದ್ದರೆ, ಅಂದರೆ ಅದರ ಪಿ.ಎಚ್. 5.2ರಿಂದ 5.6ರ ನಡುವೆ ಇದ್ದರೆ, ಈ ಕೆಲಸ ಚೆನ್ನಾಗಿ ನಡೆಯುತ್ತದೆ. ನೀರಿನ ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟಿನೊಡನೆ ಸೇರಿ ಹುಳಿಯನ್ನು ಹೆಚ್ಚಿಸುತ್ತದೆ. ಬೈಕಾರ್ಬೊನೇಟ್ ಅದನ್ನು ತಗ್ಗಿಸುತ್ತದೆ. ಹುರಿದ ಕಪ್ಪು ಮಾಲ್ಟಿನಲ್ಲಿ ಹುಳಿ ಹೆಚ್ಚಾದ್ದರಿಂದ ಅದು ಡಬ್ಲಿನ್ನಿನ ನೀರಿಗೆ ಸರಿಜೋಡಿಯಾಯಿತು.

ಇದು ತಿಳಿದ ಮೇಲೆ ಬೇರೆ ಊರಿನವರೂ ಬರ್ಟನ್ನಿನ ನೀರನ್ನು ತಾವೇ ಮಾಡಿಕೊಳ್ಳಲು ಹೊರಟರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೀರಿಗೆ ಜಿಪ್ಸಂ ಬೆರೆಸುವ ಪದ್ಧತಿ ರೂಢಿಗೆ ಬಂತು. ಲೆಕ್ಕ ಸುಲಭ. ಹತ್ತು ಲೀಟರು ನೀರಿಗೆ ಒಂದು ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ ಸುಮಾರು 23 ಮಿಲಿಗ್ರಾಂ ಕ್ಯಾಲ್ಸಿಯಂ, 56 ಮಿಲಿಗ್ರಾಂ ಸಲ್ಫೇಟ್ ಸೇರುತ್ತವೆ. ಸಲ್ಫೇಟ್ ಹಾಪ್ಸಿನ ಕಹಿಯನ್ನು ಚುರುಕುಗೊಳಿಸುತ್ತದೆ. ಜಿಪ್ಸಂ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮಾಲ್ಟಿನ ರುಚಿ ತುಂಬಿ ಬರುತ್ತದೆ. ಎಪ್ಸಂ ಉಪ್ಪನ್ನು ಚಿಟಿಕೆಯಷ್ಟು ಹಾಕುವವರುಂಟು. ಅದು ಭೇದಿಗೆ ಕೊಡುವ ಉಪ್ಪೇ ಆದ್ದರಿಂದ ಕೈ ಬಿಗಿ ಹಿಡಿಯುವುದು ಲೇಸು.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಗಾಗಿ ದಕ್ಷಿಣ ಭಾರತದಲ್ಲಿ ಹುಟ್ಟಿದ್ದ ಐದು ಬ್ರೂಯರಿಗಳನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಒಂದುಗೂಡಿಸಿ ಯುನೈಟೆಡ್ ಬ್ರೂಯರೀಸ್ ಕಟ್ಟಿದ. ಆದರೆ ‘ಬೆಂಗಳೂರಿನ ನೀರು’ ಎಂದು ಒಂದೇ ನೀರನ್ನು ತೋರಿಸುವುದು ಕಷ್ಟ. ಮೊದಲು ಕೆರೆ, ಬಾವಿಗಳ ನೀರಿತ್ತು. 1894ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂತು, 1930ರ ದಶಕದಲ್ಲಿ ಮಾಗಡಿ ದಿಕ್ಕಿನ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನಗರದ ಅಂಚಿನ ಹಳ್ಳಿಗಳನ್ನು ಉದ್ದೇಶಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಈ ನಡುವೆ ಅಂಚಿನ ಬಡಾವಣೆಗಳು ಬಹುಮಟ್ಟಿಗೆ ಕೊಳವೆ ಬಾವಿಯನ್ನೇ ನಂಬಿದ್ದವು. ಇಲ್ಲಿಯ ಗ್ರಾನೈಟ್, ನೈಸ್ ಬಂಡೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟುಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ.

ಉಪ್ಪು ಬೆರೆಸುವ ವಿದ್ಯೆಯ ಮಿತಿ ಗೊತ್ತಾಗುವುದು ಇಲ್ಲಿಯೇ. ಸಪ್ಪೆ ಸಾರಿಗೆ ಉಪ್ಪು ಹಾಕಬಹುದು. ಉಪ್ಪಾದ ಸಾರಿನಿಂದ ತೆಗೆಯುವುದು ಹೇಗೆ? ಮೆದು ನೀರನ್ನು ಬರ್ಟನ್ನಿನ ನೀರಾಗಿಸಲು ಕೆಲವು ಗ್ರಾಂ ಜಿಪ್ಸಂ ಸಾಕು. ಗಡಸು ನೀರನ್ನು ಪಿಲ್ಸೆನ್ನಿನ ನೀರಾಗಿಸಲು ಕುದಿಸಿದರೂ ಸಾಲದು. ಕುದಿಸಿದಾಗ ಬೈಕಾರ್ಬೊನೇಟಿನಿಂದ ಬಂದ ಗಡಸುತನ ಮಾತ್ರ ಹಕ್ಕಳೆಯಾಗಿ ತಳಕ್ಕಿಳಿಯುತ್ತದೆ. ಸುಣ್ಣದ ತಿಳಿ ಬೆರೆಸಿದರೂ ಅದೇ ಆಗುತ್ತದೆ. ಸಲ್ಫೇಟ್, ಕ್ಲೋರೈಡುಗಳು ಹಾಗೇ ಉಳಿಯುತ್ತವೆ. ಚರಂಡಿಯಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್ ಕೂಡ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಆರ್‌.ಒ. ಯಂತ್ರ ಇವನ್ನು ಬಹುಪಾಲು ತೆಗೆಯುತ್ತದೆ, ಆದರೆ ಸಾಕಷ್ಟು ನೀರನ್ನು ಚರಂಡಿಗೂ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿಗೆ ಕಾದ ಊರಿಗೆ ಅದೂ ಸಣ್ಣ ನಷ್ಟವಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ಬ್ರಿಟನ್ 1963ರಲ್ಲಿ ಮನೆಯ ಬಿಯರಿಗೆ ಬೇಕಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದ ಒಕ್ಕೂಟ ಸರ್ಕಾರ 1978ರ ಕಾಯಿದೆಯಿಂದ ಅದನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿತು. ಅಲ್ಲೆಲ್ಲ ಇದು ಹವ್ಯಾಸ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಈ ವಿದ್ಯೆ ನಡೆಯುವುದು ಪರವಾನಗಿ ಪಡೆದ ಬ್ರೂಯರಿಗಳಲ್ಲಿ.

ಬಿಯರು ಬೇಡವಾದವರಿಗೂ ಬ್ರೂಯರಿಯ ಒಂದು ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಉಪ್ಪಿನ ಡಬ್ಬಿ ತೆರೆಯುವ ಮೊದಲು ಅಲ್ಲಿ ನೀರಿನ ಪರೀಕ್ಷೆಯ ವರದಿ ಓದುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನೈಟ್ರೇಟಿನ ಮಿತಿ 45. ಅದಕ್ಕೆ ಸಡಿಲಿಕೆ ಇಲ್ಲ. ಬೇಳೆ ಬೇಯದಿದ್ದರೆ ಗಡಸುತನ ಒಲೆಯ ಮುಂದೆಯೇ ತಿಳಿಯುತ್ತದೆ. ನೈಟ್ರೇಟಿಗೆ ರುಚಿಯಿಲ್ಲ, ಬಣ್ಣವಿಲ್ಲ. ಕೊಳವೆ ಬಾವಿಯ ನೀರು ಕುಡಿಯುವ ಮನೆಗಳು ವರ್ಷಕ್ಕೊಮ್ಮೆಯಾದರೂ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರ ಅದು ಗೊತ್ತಾದೀತು.